ಬೋರ್ ನೀರಲ್ಲಿ ಯುರೇನಿಯಂ ಬಂದಿದೆ. ಹೆದರಬೇಕಾ, ಬೇಡ್ವಾ?

ಬಾಗೇಪಲ್ಲಿ ಸೀಮೆ

ಎಲ್ಲರಿಗೂ ನಮಸ್ಕಾರ. ನಮ್ಮದು ಬಾಗೇಪಲ್ಲಿ ತಾಲ್ಲೂಕಿನ ಒಂದು ಹಳ್ಳಿ. ತೋಟದ ಬೋರ್ 1,300 ಅಡಿ ಇದೆ. ಫ್ಲೋರೈಡ್ ಎಷ್ಟಿದೆ ನೋಡೋಣ ಅಂತ ನೀರು ಟೆಸ್ಟಿಗೆ ಕೊಟ್ಟಿದ್ದೆ. ಫ್ಲೋರೈಡ್ ಜಾಸ್ತಿ ಇರುತ್ತೆ ಅಂತ ಗೊತ್ತಿತ್ತು. ಆದರೆ ರಿಪೋರ್ಟಿನ ಕೆಳಗೆ ಇನ್ನೊಂದು ಸಾಲು ಇದೆ. ಯುರೇನಿಯಂ, ಲೀಟರಿಗೆ 96 ಮೈಕ್ರೋಗ್ರಾಂ.

ಅವತ್ತಿನಿಂದ ಮನೆಯಲ್ಲಿ ನೆಮ್ಮದಿ ಇಲ್ಲ. ಬೋರನ್ನೇ ಮುಚ್ಚಿಸು ಅಂತಾರೆ ಅಮ್ಮ. ಪಕ್ಕದ ತೋಟದ ಅಣ್ಣ ಬೇರೆ ರಾಗ. "ಅದು ಬಾಂಬಿಗೆ ಹಾಕೋ ಸಾಮಾನು, ಸರ್ಕಾರಕ್ಕೆ ಗೊತ್ತಾದರೆ ಜಮೀನೇ ಹೋಗುತ್ತೆ, ಬಾಯಿ ಮುಚ್ಚಿಕೊಂಡಿರು" ಅಂತಾರೆ. ನನ್ನ ಪ್ರಶ್ನೆ ಇಷ್ಟೇ. ಈ ನೀರಿನಿಂದ ಮನೆಯಲ್ಲಿ ರೇಡಿಯೇಷನ್ ಹರಡುತ್ತಾ? ಕಾಯಿಸಿ ಕುಡಿದರೆ ಹೋಗುತ್ತಾ? ಹಸುಗಳಿಗೆ, ಟೊಮೆಟೊಗೆ ಬಿಡಬಹುದಾ?

ಫಿಲ್ಟರ್ ನೀರು

ಅಣ್ಣ, ನಾನು ನಮ್ಮ ಊರಿನ ಶುದ್ಧ ಕುಡಿಯುವ ನೀರಿನ ಘಟಕ ನೋಡಿಕೊಳ್ಳುತ್ತೇನೆ. ಮೊದಲು ಒಂದು ಮಾತು. ಕಾಯಿಸಬೇಡಿ. ಕಾಯಿಸಿದರೆ ಹಬೆಯಾಗಿ ಹೋಗುವುದು ನೀರು ಮಾತ್ರ. ಯುರೇನಿಯಂ ಪಾತ್ರೆಯಲ್ಲೇ ಉಳಿಯುತ್ತದೆ. ಅಂದರೆ ಉಳಿದ ನೀರಲ್ಲಿ ಅದು ಇನ್ನೂ ಗಟ್ಟಿಯಾಗುತ್ತದೆ. ಕ್ಲೋರಿನ್ ಮಾತ್ರೆ, ಬಟ್ಟೆಯಲ್ಲಿ ಸೋಸುವುದು, ಕ್ಯಾಂಡಲ್ ಫಿಲ್ಟರ್, ಯಾವುದೂ ಇದಕ್ಕೆ ಆಗಲ್ಲ. ಆರ್‌ಓ ಆಗುತ್ತದೆ. ಅದರ ಮೆಂಬ್ರೇನ್ (ನೀರು ಸೋಸುವ ಪೊರೆ) ಚೆನ್ನಾಗಿದ್ದರೆ ನೂರಕ್ಕೆ 90ಕ್ಕಿಂತ ಜಾಸ್ತಿ ತೆಗೆದುಬಿಡುತ್ತದೆ.

ತಪ್ಪಲಿನ ಮೇಷ್ಟ್ರು

ಚಿಕ್ಕಬಳ್ಳಾಪುರದಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಸಹಿಸಿಕೊಳ್ಳಿ.

ನಿಮ್ಮ ಬೋರಿಗೆ ಯಾರೂ ಯುರೇನಿಯಂ ತಂದು ಸುರಿದಿಲ್ಲ. ಅದು ಬಂಡೆಯಲ್ಲೇ ಇದೆ. ನಮ್ಮ ಕೆಳಗಿರುವುದು ಗ್ರಾನೈಟು, ನೈಸು ಅನ್ನುವ ಗಟ್ಟಿ ಬಂಡೆ. ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು. ಸಾಧಾರಣ ಗ್ರಾನೈಟಿನಲ್ಲಿ ಒಂದು ಟನ್ನಿಗೆ ನಾಲ್ಕೈದು ಗ್ರಾಂ ಯುರೇನಿಯಂ ಇರುತ್ತದೆ. ಅದರ ಮೂರು ನಾಲ್ಕರಷ್ಟು ಥೋರಿಯಂ ಇರುತ್ತದೆ. ಮಳೆ ನೀರು ಮಣ್ಣಿನಲ್ಲಿ ಇಳಿಯುವಾಗ ಆಮ್ಲಜನಕವನ್ನೂ ಬೈಕಾರ್ಬೊನೇಟನ್ನೂ ಹೊತ್ತುಕೊಂಡು ಇಳಿಯುತ್ತದೆ. ಇವೆರಡೂ ಸೇರಿದರೆ ಬಂಡೆಯ ಬಿರುಕಿನಲ್ಲಿರುವ ಯುರೇನಿಯಂ ಕರಗುತ್ತದೆ. ಥೋರಿಯಂ ಹಾಗೆ ಕರಗಲ್ಲ. ಅದಕ್ಕೇ ನಿಮ್ಮ ರಿಪೋರ್ಟಿನಲ್ಲಿ ಅದರ ಹೆಸರಿಲ್ಲ.

ಹಿಂದೆ ನಾವು ಕುಡಿಯುತ್ತಿದ್ದದ್ದು ತೆರೆದ ಬಾವಿ ನೀರು, ಕೆರೆ ಕೆಳಗಿನ ನೀರು. ಅದು ವರ್ಷ ವರ್ಷ ಹೊಸದಾಗಿ ಬರುತ್ತಿತ್ತು. ಈಗ ಸಾವಿರ ಅಡಿ ದಾಟಿ ಬಿರುಕು ಹುಡುಕುತ್ತಿದ್ದೇವೆ. ಅಲ್ಲಿ ಬಂಡೆಗೆ ಅಂಟಿಕೊಂಡು ಬಹಳ ಕಾಲ ಕೂತಿದ್ದ ನೀರು ಮೇಲೆ ಬರುತ್ತದೆ. ಫ್ಲೋರೈಡ್ ಬರುವುದೂ ಹೀಗೇ. ಇದು ನಿಮ್ಮೊಬ್ಬರ ಬೋರಿನ ಕಥೆಯಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಹಳ್ಳಿಗಳಲ್ಲಿ ನೀರು ಪರೀಕ್ಷೆ ಮಾಡಿದ ವಿಜ್ಞಾನಿಗಳಿಗೆ ಮಿತಿ ಮೀರಿದ ಯುರೇನಿಯಂ ಎಷ್ಟೋ ಕಡೆ ಸಿಕ್ಕಿದೆ.

ಮಿತಿ ಎಷ್ಟು? ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಲೀಟರಿಗೆ 30 ಮೈಕ್ರೋಗ್ರಾಂ. ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನದಂಡದಲ್ಲೂ ಈಗ 30. ಅಣುಶಕ್ತಿ ನಿಯಂತ್ರಣ ಮಂಡಳಿ ಹೇಳಿದ್ದು 60. ನಿಮ್ಮ 96 ಎರಡನ್ನೂ ದಾಟಿದೆ. ಆದ್ದರಿಂದ ಕುಡಿಯಲು, ಅಡುಗೆಗೆ ಬೇಡ. ಸ್ನಾನ, ಬಟ್ಟೆ, ಪಾತ್ರೆಗೆ ಬಳಸಬಹುದು. ಚರ್ಮದ ಮೂಲಕ ಅದು ಒಳಗೆ ಹೋಗುವುದು ಇಲ್ಲವೆನ್ನುವಷ್ಟು ಕಡಿಮೆ. ಟೊಮೆಟೊ ಗಿಡ ಬೇರಿನಿಂದ ಹಣ್ಣಿನವರೆಗೆ ಯುರೇನಿಯಂ ಎಳೆದುಕೊಳ್ಳುವುದೂ ತೀರಾ ಕಡಿಮೆ.

ಇನ್ನು ಬಾಂಬಿನ ಮಾತು. ನಿಮ್ಮ ಪಕ್ಕದ ತೋಟದವರಿಗೆ ಹೇಳಿ, ಈ ನೀರಲ್ಲಿ ಒಂದು ಕಿಲೋ ಯುರೇನಿಯಂ ಬೇಕಾದರೆ ಒಂದು ಕೋಟಿ ಲೀಟರ್ ಎತ್ತಬೇಕು. ಅಷ್ಟು ನೀರು ಬಿದ್ದರೆ ಆತ ದಾಳಿಂಬೆ ಹಾಕಿಕೊಂಡು ಕೋಟ್ಯಧೀಶ್ವರ ಆಗಿಬಿಡುತ್ತಾನೆ, ಬಾಂಬು ಯಾಕೆ ಬೇಕು.

ತಿಪಟೂರು ತೆಂಗು

ಮೇಷ್ಟ್ರೇ, ನೀವು ಯುರೇನಿಯಂ ಇದೆ ಅಂತೀರಿ, ಸ್ನಾನ ಮಾಡಿ ಅಂತೀರಿ. ರೇಡಿಯೇಷನ್ ಅಂದರೆ ಕಣ್ಣಿಗೆ ಕಾಣಲ್ಲ, ಮೂಗಿಗೆ ಬಡಿಯಲ್ಲ. ಅದರ ಅರ್ಧ ಆಯಸ್ಸೇ 450 ಕೋಟಿ ವರ್ಷ ಅಂತ ಓದಿದ್ದೇನೆ. ಭೂಮಿಯಷ್ಟೇ ವಯಸ್ಸು! ಅಷ್ಟು ಕಾಲ ವಿಷ ಕಕ್ಕುವ ವಸ್ತು ಅಂದರೆ ಎಷ್ಟು ಭಯಂಕರ ಇರಬೇಕು?

ತಪ್ಪಲಿನ ಮೇಷ್ಟ್ರು

ಬಹಳ ಜನ ಇದನ್ನೇ ತಲೆಕೆಳಗಾಗಿ ತಿಳಿದಿದ್ದಾರೆ. ಅರ್ಧಾಯುಷ್ಯ ಅಂದರೆ ವಸ್ತುವಿನ ಅರ್ಧ ಪಾಲು ಒಡೆದು ಖಾಲಿಯಾಗಲು ಬೇಕಾದ ಕಾಲ. ಅದು ಉದ್ದ ಇದ್ದಷ್ಟೂ ವಸ್ತು ಸೌಮ್ಯ. ಯಾಕೆ ಅಂತ ಹೇಳುತ್ತೇನೆ.

ಪರಮಾಣುವಿನ ನಡುವೆ ಒಂದು ಬೀಜ ಇದೆ. ಅದರಲ್ಲಿ ಪ್ರೋಟಾನು, ನ್ಯೂಟ್ರಾನು ಒತ್ತೊತ್ತಾಗಿ ಕೂತಿರುತ್ತವೆ. ಪ್ರೋಟಾನುಗಳು ಒಂದನ್ನೊಂದು ದೂಡುತ್ತವೆ. ಹತ್ತಿರದಲ್ಲಿ ಮಾತ್ರ ಕೆಲಸ ಮಾಡುವ ಇನ್ನೊಂದು ಬಲ ಅವನ್ನು ಹಿಡಿದಿಟ್ಟಿರುತ್ತದೆ. ಬೀಜ ತುಂಬಾ ದೊಡ್ಡದಾದರೆ ಈ ಹಿಡಿತ ಸಡಿಲ. ಯುರೇನಿಯಂನಲ್ಲಿ 92 ಪ್ರೋಟಾನು ಇವೆ. ಆಗಾಗ ಒಂದು ಬೀಜ ಎರಡು ಪ್ರೋಟಾನು, ಎರಡು ನ್ಯೂಟ್ರಾನಿನ ಒಂದು ತುಣುಕನ್ನು ಹೊರಗೆ ಎಸೆದು ಹಗುರಾಗುತ್ತದೆ. ಅದೇ ಆಲ್ಫಾ ಕಣ. ಬೇರೆ ಕೆಲವು ಬೀಜಗಳಲ್ಲಿ ಒಂದು ನ್ಯೂಟ್ರಾನು ಪ್ರೋಟಾನಾಗಿ ಬದಲಾಗಿ ಎಲೆಕ್ಟ್ರಾನು ಹೊರಬರುತ್ತದೆ. ಅದು ಬೀಟಾ. ಇನ್ನೂ ಚೈತನ್ಯ ಉಳಿದಿದ್ದರೆ ಬೆಳಕಿನ ಜಾತಿಯ ಕಿರಣವಾಗಿ ಹೋಗುತ್ತದೆ. ಅದು ಗಾಮಾ. ಆಲ್ಫಾವನ್ನು ಒಂದು ಕಾಗದ ತಡೆಯುತ್ತದೆ, ನಮ್ಮ ಚರ್ಮದ ಮೇಲಿನ ಸತ್ತ ಪದರ ತಡೆಯುತ್ತದೆ. ಬೀಟಾಗೆ ಕೆಲವು ಮಿಲಿಮೀಟರ್ ಅಲ್ಯೂಮಿನಿಯಂ ಸಾಕು. ಗಾಮಾಗೆ ಮಾತ್ರ ದಪ್ಪ ಸೀಸವೋ ಕಾಂಕ್ರೀಟೋ ಬೇಕು.

ಯಾವ ಬೀಜ ಯಾವಾಗ ಒಡೆಯುತ್ತದೆ ಅಂತ ಯಾರೂ ಹೇಳಲಾರರು. ಒಟ್ಟು ಲೆಕ್ಕ ಮಾತ್ರ ಹೇಳಬಹುದು. ಚೌಕಾಬಾರ ಆಡಲು ಹುಣಸೆ ಬೀಜದ ಒಂದು ಮಗ್ಗುಲು ಉಜ್ಜಿ ಬಿಳಿ ಮಾಡುತ್ತೇವಲ್ಲ, ಅಂಥವು ನೂರು ತಗೊಂಡು ಚೆಲ್ಲಿ. ಬಿಳಿ ಮೇಲಾಗಿ ಬಿದ್ದವನ್ನು ಎತ್ತಿಟ್ಟುಬಿಡಿ. ಸುಮಾರು 50 ಉಳಿಯುತ್ತವೆ. ಮತ್ತೆ ಚೆಲ್ಲಿದರೆ 25ರ ಹತ್ತಿರ. ಒಂದೊಂದು ಚೆಲ್ಲಾಟದ ನಡುವಿನ ಸಮಯವೇ ಅರ್ಧಾಯುಷ್ಯ. ತರಗತಿಯಲ್ಲಿ ನಾನು ಇದನ್ನೇ ಆಡಿಸುತ್ತಿದ್ದೆ. ಗದ್ದಲ ಮಾತ್ರ ವಿಪರೀತ.

ಈಗ ಯೋಚಿಸಿ. 447 ಕೋಟಿ ವರ್ಷಕ್ಕೆ ಅರ್ಧ ಖಾಲಿಯಾಗುವ ಯುರೇನಿಯಂ-238 (238 ಅಂದರೆ ಬೀಜದಲ್ಲಿರುವ ಪ್ರೋಟಾನು, ನ್ಯೂಟ್ರಾನುಗಳ ಒಟ್ಟು ಲೆಕ್ಕ) ಈ ಕ್ಷಣ ಎಷ್ಟು ಒಡೆಯಬೇಕು? ಬಹಳ ಕಡಿಮೆ. ಸೆಕೆಂಡಿಗೆ ಒಂದು ಬೀಜ ಒಡೆದರೆ ಅದು ಒಂದು ಬೆಕರೆಲ್. ಒಂದು ಗ್ರಾಂ ನೈಸರ್ಗಿಕ ಯುರೇನಿಯಂನಲ್ಲಿ ಸುಮಾರು 25,000 ಬೆಕರೆಲ್. ಒಂದು ಗ್ರಾಂ ರೇಡಿಯಂ-226 ತಗೊಳ್ಳಿ, ಅರ್ಧಾಯುಷ್ಯ 1,600 ವರ್ಷ, 3,700 ಕೋಟಿ ಬೆಕರೆಲ್. ಎಂಟು ದಿನದ ಅಯೋಡಿನ್-131 ಇನ್ನೂ ಲಕ್ಷ ಪಟ್ಟು ಮೇಲೆ. ರಿಯಾಕ್ಟರ್ ಅಪಘಾತ ಆದಾಗ ಮೊದಲ ವಾರಗಳಲ್ಲಿ ಭಯ ಇರುವುದು ಈ ಚಿಕ್ಕ ಆಯಸ್ಸಿನವುಗಳದ್ದು.

ಪಿಯುಸಿ ಕೊನೇ ಬೆಂಚು

ಸಾರ್, ಹಾಗಾದರೆ ಈ ಅಣ್ಣನ ಮನೆ ನೀರಲ್ಲಿ ಎಷ್ಟು ಬೆಕರೆಲ್? ಲೆಕ್ಕ ಹಾಕಿ ತೋರಿಸಿ. (ತುಮಕೂರು, ಎರಡನೇ ಪಿಯು, ಎಕ್ಸಾಮ್ ಹತ್ತಿರ ಇದೆ, ಬೈಯಬೇಡಿ.)

ತಪ್ಪಲಿನ ಮೇಷ್ಟ್ರು

ನೀನೇ ಹಾಕಬೇಕಿತ್ತು ಮರಿ. ಇರಲಿ.

96 ಮೈಕ್ರೋಗ್ರಾಂ ಅಂದರೆ 0.000096 ಗ್ರಾಂ. ಅದನ್ನು 25,000ದಿಂದ ಗುಣಿಸಿದರೆ 2.4 ಬೆಕರೆಲ್. ಇದು ಒಂದು ಲೀಟರಿಗೆ. ದಿನಕ್ಕೆ ಎರಡು ಲೀಟರಿನಂತೆ ವರ್ಷಪೂರ್ತಿ ಕುಡಿದರೆ ದೇಹಕ್ಕೆ ಬೀಳುವ ಡೋಸ್ ಸುಮಾರು 0.08 ಮಿಲಿಸೀವರ್ಟ್ (ಮೈಗೆ ಬಿದ್ದ ಕಿರಣವನ್ನು ಅಳೆಯುವ ಮಾನ). ಇದಕ್ಕೆ ಹೋಲಿಸಿ ನೋಡಲು ಒಂದು ಸಂಖ್ಯೆ ಇದೆ. ಯಾವ ರಿಯಾಕ್ಟರೂ ಎಕ್ಸ್‌ರೇಯೂ ಇಲ್ಲದೆ, ಮಣ್ಣು, ಗಾಳಿ, ಆಕಾಶ, ಊಟದಿಂದಲೇ ಮನುಷ್ಯನಿಗೆ ಸಿಗುವುದು ಲೋಕದ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್.

ನಿನ್ನ ದೇಹದಲ್ಲೇ ಪೊಟ್ಯಾಸಿಯಂ-40 ಇದೆ. ತೂಕ 60 ಕಿಲೋ ಇದ್ದರೆ ಅದರಿಂದಲೇ ಸುಮಾರು 4,000 ಬೆಕರೆಲ್. ಪ್ರತಿ ಸೆಕೆಂಡಿಗೂ, ನೀನು ನಿದ್ದೆ ಮಾಡುವಾಗಲೂ. ಬಾಳೆಹಣ್ಣು, ಆಲೂಗಡ್ಡೆ, ಎಳನೀರು ಎಲ್ಲದರಲ್ಲೂ ಪೊಟ್ಯಾಸಿಯಂ ಇದೆ, ಅದರ ಜೊತೆ ಇದೂ ಇದೆ. ತಿಪಟೂರಿನವರು ಬೇಜಾರು ಮಾಡ್ಕೋಬಾರದು.

ತಿಪಟೂರು ತೆಂಗು

ಎಳನೀರಿನ ಸುದ್ದಿಗೆ ಬರಬೇಡಿ ಮೇಷ್ಟ್ರೇ 😀 ಆದರೆ ಒಂದು ಕೇಳ್ತೀನಿ. ರೇಡಿಯೇಷನ್ ಇಷ್ಟು ಕಡಿಮೆ ಅಂದಮೇಲೆ 30ರ ಮಿತಿ ಯಾಕೆ ಇಟ್ಟರು? ಎಲ್ಲಾ ಸೇಫ್ ಅಂತ ಹೇಳುವವರ ಸಾಲಿಗೆ ನೀವೂ ಸೇರಿದಿರಾ?

ತಪ್ಪಲಿನ ಮೇಷ್ಟ್ರು

ಸೇಫ್ ಅಂತ ನಾನು ಎಲ್ಲಿ ಹೇಳಿದೆ? ಕುಡಿಯಬೇಡಿ ಅಂತಲೇ ಹೇಳಿದ್ದು. 30ರ ಮಿತಿಗೂ ಕಿರಣಕ್ಕೂ ಹೆಚ್ಚು ಸಂಬಂಧ ಇಲ್ಲ. ಯುರೇನಿಯಂ ಸೀಸದ ಹಾಗೆ ಒಂದು ಭಾರದ ಲೋಹ. ಅದರ ವಿಷ ರಾಸಾಯನಿಕವಾದದ್ದು. ಕುಡಿದದ್ದರಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ರಕ್ತಕ್ಕೆ ಸೇರುತ್ತದೆ, ಉಳಿದದ್ದು ಮಲದಲ್ಲಿ ಹೋಗುತ್ತದೆ. ರಕ್ತಕ್ಕೆ ಸೇರಿದ್ದರಲ್ಲಿ ಬಹುಪಾಲು ಮೂತ್ರಪಿಂಡದ ಮೂಲಕ ಹೊರಗೆ ಹೋಗಬೇಕು. ಹೋಗುವಾಗ ಅಲ್ಲಿನ ಸೂಕ್ಷ್ಮ ಕೊಳವೆಗಳಿಗೆ ಪೆಟ್ಟು ಕೊಡುತ್ತದೆ. ಸ್ವಲ್ಪ ಪಾಲು ಮೂಳೆಯಲ್ಲಿ ಕೂರುತ್ತದೆ. ವರ್ಷಾನುಗಟ್ಟಲೆ ಕುಡಿಯುವವರಿಗೆ ಕಿಡ್ನಿಯದ್ದೇ ಚಿಂತೆ.

ಅಣುಬಾಂಬಿನ ಹೆಸರು ಕೇಳಿ ಜನ ಹೌಹಾರುತ್ತಾರೆ. ಕಿಡ್ನಿ ಹೆಸರು ಕೇಳಿದರೆ ಸುಮ್ನಿರುತ್ತಾರೆ. ನನಗೆ ಇದೇ ವಿಚಿತ್ರ ಅನ್ನಿಸುವುದು.

ಎಕ್ಸ್‌ರೇ ರೂಮು

ಚಿಂತಾಮಣಿಯಿಂದ. ಎಕ್ಸ್‌ರೇ ಟೆಕ್ನಿಷಿಯನ್ ನಾನು. ರೋಗಿಗಳು ಕೇಳುವ ಪ್ರಶ್ನೆ ಇಲ್ಲೂ ಯಾರಾದರೂ ಕೇಳುತ್ತಾರೆ ಅಂತ ಮೊದಲೇ ಹೇಳ್ತೀನಿ. ಎಕ್ಸ್‌ರೇ ತೆಗೆಸಿಕೊಂಡವರ ಮೈಯಲ್ಲಿ ರೇಡಿಯೇಷನ್ ಉಳಿಯಲ್ಲ. ಸ್ವಿಚ್ ಆಫ್ ಆಯಿತು, ಕಿರಣ ನಿಂತಿತು. ಮಗುವನ್ನು ಎತ್ತಿಕೊಳ್ಳಬಹುದು. ಎದೆಯ ಒಂದು ಎಕ್ಸ್‌ರೇ 0.1 ಮಿಲಿಸೀವರ್ಟೂ ಆಗಲ್ಲ. ಸಿಟಿ ಸ್ಕ್ಯಾನ್ ಹಾಗಲ್ಲ, ಎದೆಯದ್ದಾದರೆ ಏಳರ ಆಸುಪಾಸು. ಅದಕ್ಕೇ ಸುಮ್ಸುಮ್ನೆ ಸಿಟಿ ಮಾಡಿಸಿ ಅಂತ ಡಾಕ್ಟರ ಬೆನ್ನು ಬೀಳಬೇಡಿ.

ಥೈರಾಯ್ಡ್‌ಗೆ ಅಯೋಡಿನ್-131 ಕುಡಿಸಿದವರ ವಿಷಯ ಬೇರೆ. ಅವರ ಮೈಯೊಳಗೇ ವಸ್ತು ಹೋಗಿರುತ್ತದೆ. ಕೆಲವು ದಿನ ಮಕ್ಕಳಿಂದ, ಬಸುರಿಯರಿಂದ ದೂರ ಇರಿ ಅಂತ ಹೇಳಿ ಕಳಿಸುತ್ತಾರೆ. ಕಿರಣ ಬೀಳುವುದು ಬೇರೆ, ಕಿರಣ ಬಿಡುವ ವಸ್ತು ಮೈಗೆ ಅಂಟುವುದು ಬೇರೆ. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿಯಲ್ಲಿ ಆದದ್ದು ನೆನಪಿದೆಯಾ? ಹಳೆಯ ಯಂತ್ರದೊಳಗಿನ ಕೋಬಾಲ್ಟ್-60 ಯಾರಿಗೂ ಗೊತ್ತಾಗದೆ ಗುಜರಿಗೆ ಬಂತು, ಬಿಚ್ಚಿದರು. ಒಬ್ಬರು ತೀರಿಕೊಂಡರು. ಗುಜರಿ ವ್ಯಾಪಾರ ಮಾಡುವವರು ಮೂರು ಎಲೆಯ ಹಳದಿ ಗುರುತು ನೋಡಿದರೆ ಸುತ್ತಿಗೆ ಕೆಳಗಿಡಿ.

ಪಿಯುಸಿ ಕೊನೇ ಬೆಂಚು

ಸಾರ್ ಇನ್ನೊಂದು. ಯುರೇನಿಯಂ ಇಷ್ಟು ಸೌಮ್ಯ ಅಂದರೆ ಅದರಿಂದ ಕರೆಂಟ್ ಹೇಗೆ ಬರುತ್ತೆ? ನಮ್ಮ ಬಂಡೆಯೊಳಗೆ ತಾನಾಗೇ ರಿಯಾಕ್ಟರ್ ಶುರುವಾಗಿಬಿಟ್ಟರೆ?

ತಪ್ಪಲಿನ ಮೇಷ್ಟ್ರು

ಭಲೇ. ಕೊನೇ ಬೆಂಚಿನಿಂದಲೇ ಇಂಥ ಪ್ರಶ್ನೆ ಬರುವುದು.

ತಾನಾಗಿ ಒಡೆಯುವುದು ಒಂದು ದಾರಿ. ರಿಯಾಕ್ಟರಿನಲ್ಲಿ ನಡೆಯುವುದು ಬೇರೆ, ಅದು ಹೊಡೆದು ಸೀಳುವುದು. 1938ರ ಕೊನೆಯಲ್ಲಿ ಬರ್ಲಿನ್‌ನಲ್ಲಿ ಓಟೋ ಹಾನ್, ಫ್ರಿಟ್ಸ್ ಸ್ಟ್ರಾಸ್‌ಮನ್ ಯುರೇನಿಯಂಗೆ ನ್ಯೂಟ್ರಾನ್ ಹೊಡೆದರು. ಅದರಲ್ಲಿ ಬೇರಿಯಂ ಸಿಕ್ಕಿತು. ಬೇರಿಯಂ ಯುರೇನಿಯಂನ ಅರ್ಧಕ್ಕಿಂತ ಸ್ವಲ್ಪ ಮೇಲಿನ ತೂಕದ್ದು, ಅದು ಅಲ್ಲಿ ಇರಲೇಬಾರದು. ಯಹೂದಿ ಅಂತ ಜರ್ಮನಿ ಬಿಟ್ಟು ಸ್ವೀಡನ್ನಿಗೆ ಓಡಿಹೋಗಿದ್ದ ಲೀಸ್ ಮೈಟ್ನರ್ ತನ್ನ ಅಕ್ಕನ ಮಗ ಓಟೋ ಫ್ರಿಶ್ ಜೊತೆ ಕೂತು ಲೆಕ್ಕ ಹಾಕಿದಳು. ಬೀಜ ಎರಡು ಹೋಳಾಗಿದೆ ಅಂತ ಹೇಳಿದವಳು ಅವಳು. ನೊಬೆಲ್ ಮಾತ್ರ ಹಾನ್‌ಗೆ ಒಬ್ಬನಿಗೇ ಬಂತು. ಈ ಅನ್ಯಾಯ ಪಾಠ ಮಾಡುವಾಗ ಪ್ರತಿ ವರ್ಷ ಹೇಳುತ್ತಿದ್ದೆ.

ಹೀಗೆ ಸೀಳುವುದು ಯುರೇನಿಯಂ-235. ಒಂದು ಬೀಜ ಸೀಳಿದರೆ ಬರುವ ಚೈತನ್ಯ ಸುಮಾರು 20 ಕೋಟಿ ಎಲೆಕ್ಟ್ರಾನ್ ವೋಲ್ಟ್. ಕಲ್ಲಿದ್ದಲಿನ ಒಂದು ಇಂಗಾಲದ ಪರಮಾಣು ಉರಿದರೆ ಸಿಗುವುದು ನಾಲ್ಕು. ಸೀಳಿದಾಗ ಎರಡು ಮೂರು ಹೊಸ ನ್ಯೂಟ್ರಾನು ಹೊರಬರುತ್ತವೆ. ಅವು ಇನ್ನೊಂದನ್ನು ಸೀಳಬಹುದು. ಸರಣಿ ಶುರುವಾಗುವುದು ಹೀಗೆ. ಸರಾಸರಿ ಒಂದೇ ಒಂದು ನ್ಯೂಟ್ರಾನು ಮುಂದಿನದನ್ನು ಸೀಳುವ ಹಾಗೆ ನೋಡಿಕೊಂಡರೆ ಅದು ರಿಯಾಕ್ಟರ್. ಉಳಿದವನ್ನು ತಿಂದುಹಾಕಲು ಬೋರಾನ್, ಕ್ಯಾಡ್ಮಿಯಂ ಥರದ ವಸ್ತು ಇಟ್ಟಿರುತ್ತಾರೆ.

ಆದರೆ ಗಣಿಯಿಂದ ಬರುವ ಯುರೇನಿಯಂನಲ್ಲಿ 235 ಇರುವುದು ನೂರಕ್ಕೆ 0.7 ಮಾತ್ರ. ಉಳಿದದ್ದು 238. ಸೀಳಿ ಬಂದ ನ್ಯೂಟ್ರಾನು ವಿಪರೀತ ವೇಗದಲ್ಲಿರುತ್ತದೆ, 238 ಅದನ್ನು ನುಂಗಿಬಿಡುತ್ತದೆ. ನಿಧಾನ ಮಾಡಿದರೆ 235ಕ್ಕೆ ಸಿಗುವ ಅವಕಾಶ ಜಾಸ್ತಿ. ನಮ್ಮ ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ನಿಧಾನ ಮಾಡುವ ಕೆಲಸ ಭಾರಜಲದ್ದು, ಅಂದರೆ ಭಾರವಾದ ಜಲಜನಕ ಇರುವ ನೀರಿನದ್ದು. ಸಾಧಾರಣ ನೀರೂ ನಿಧಾನ ಮಾಡುತ್ತದೆ, ಆದರೆ ನ್ಯೂಟ್ರಾನನ್ನು ತಾನೂ ಸ್ವಲ್ಪ ನುಂಗುತ್ತದೆ. ಅದಕ್ಕೇ ತಮಿಳುನಾಡಿನ ಕೂಡಂಕುಳಂ ಸ್ಥಾವರದಂಥ ಕಡೆ 235ರ ಪ್ರಮಾಣವನ್ನು ನೂರಕ್ಕೆ ಮೂರು ನಾಲ್ಕಕ್ಕೆ ಏರಿಸಿದ ಇಂಧನ ಬೇಕು. ಬಾಂಬಿಗೆ 90 ಬೇಕು.

ಬಂಡೆಯೊಳಗಿನ ರಿಯಾಕ್ಟರ್ ಅಂದೆಯಲ್ಲ, ಅದು ಒಮ್ಮೆ ಆಗಿದೆ! ಆಫ್ರಿಕಾದ ಗಬಾನ್ ದೇಶದ ಓಕ್ಲೋ ಅನ್ನುವ ಕಡೆ. ಅಲ್ಲಿನ ಅದಿರಿನಲ್ಲಿ 235 ಇರಬೇಕಾದದ್ದಕ್ಕಿಂತ ಕಡಿಮೆ ಇತ್ತು. 1972ರಲ್ಲಿ ಫ್ರೆಂಚರು ಇದನ್ನು ಹಿಡಿದು ಯಾರೋ ಕದ್ದರೇನೋ ಅಂತ ಗಾಬರಿಯಾದರು. ನೋಡಿದರೆ ಸುಮಾರು 200 ಕೋಟಿ ವರ್ಷಗಳ ಹಿಂದೆ ಅಲ್ಲಿ ತಾನಾಗೇ ಸರಣಿ ನಡೆದಿತ್ತು. ಆಗ 235ರ ಪಾಲು ನೂರಕ್ಕೆ ಮೂರರಷ್ಟಿತ್ತು, ಅದಿರು ಗಟ್ಟಿಯಾಗಿತ್ತು, ನೀರು ಒಸರುತ್ತಿತ್ತು. ಬಿಸಿಗೆ ನೀರು ಆವಿಯಾದರೆ ನಿಲ್ಲುವುದು, ಮತ್ತೆ ನೀರು ಬಂದರೆ ಶುರು. 235 ಬೇಗ ಸವೆಯುತ್ತದೆ, ಅರ್ಧಾಯುಷ್ಯ 70 ಕೋಟಿ ವರ್ಷ. ಆದ್ದರಿಂದ ಇವತ್ತು ಯಾವ ಬಂಡೆಯಲ್ಲೂ ಅದು ಸಾಧ್ಯವಿಲ್ಲ. ಟನ್ನಿಗೆ ನಾಲ್ಕು ಗ್ರಾಂ ಇರುವ ನಮ್ಮ ಗ್ರಾನೈಟಿನಲ್ಲಂತೂ ಯಾವತ್ತೂ ಆಗುವಂಥದ್ದಲ್ಲ.

ತಿಪಟೂರು ತೆಂಗು

ಓಕ್ಲೋ ಗೊತ್ತಿರಲಿಲ್ಲ. ಚೆನ್ನಾಗಿದೆ. ಆದರೆ ಕೈಗಾ ಅಂದಿರಿ, ಅಲ್ಲಿ ಎಲ್ಲವೂ ಸರಿ ಇದೆಯಾ? 2009ರ ನವೆಂಬರ್‌ನಲ್ಲಿ ಅಲ್ಲಿನ ವಾಟರ್ ಕೂಲರ್‌ಗೆ ಯಾರೋ ಟ್ರಿಟಿಯಂ ಬೆರೆತ ಭಾರಜಲ ಹಾಕಿದ್ದರು. 50ಕ್ಕೂ ಜಾಸ್ತಿ ಸಿಬ್ಬಂದಿ ಕುಡಿದಿದ್ದರು. ರಾಜಾ ರಾಮಣ್ಣ ನಮ್ಮ ತುಮಕೂರು ಜಿಲ್ಲೆಯವರು, 1974ರಲ್ಲಿ ಪೋಖ್ರಾನ್ ಅಣು ಪರೀಕ್ಷೆ ಆದಾಗ ಬಾರ್ಕ್ (ಭಾಭಾ ಅಣು ಸಂಶೋಧನಾ ಕೇಂದ್ರ) ನಿರ್ದೇಶಕರು. ಹೆಮ್ಮೆ ಇದೆ. ಹೆಮ್ಮೆ ಇದೆ ಅಂತ ಪ್ರಶ್ನೆ ಕೇಳದೆ ಇರಕ್ಕಾಗಲ್ಲ.

ತಪ್ಪಲಿನ ಮೇಷ್ಟ್ರು

ಕೇಳಲೇಬೇಕು. ಅದು ನಡೆದದ್ದು ನಿಜ. ಟ್ರಿಟಿಯಂ ಅಂದರೆ ಭಾರಜಲದಲ್ಲಿರುವುದಕ್ಕಿಂತಲೂ ಭಾರವಾದ, ಕಿರಣ ಬಿಡುವ ಜಲಜನಕ. ಭಾರಜಲ ನ್ಯೂಟ್ರಾನು ನುಂಗಿದಾಗ ಹುಟ್ಟುತ್ತದೆ. ಬೀಟಾ ತುಂಬಾ ದುರ್ಬಲ, ಮೈಮೇಲೆ ಬಿದ್ದರೆ ಏನಿಲ್ಲ, ಕುಡಿದರೆ ನೀರಿನ ಜೊತೆ ಮೈಯೆಲ್ಲಾ ಸುತ್ತುತ್ತದೆ. ನೀರಿನ ಜೊತೆಯೇ ಹೊರಗೂ ಹೋಗುತ್ತದೆ, ಹತ್ತು ದಿನಕ್ಕೆ ಅರ್ಧದಂತೆ. ಅದಕ್ಕೆ ಚಿಕಿತ್ಸೆಯೂ ಚೆನ್ನಾಗಿ ನೀರು ಕುಡಿಸಿ ಮೂತ್ರ ಮಾಡಿಸುವುದು. ಕಂಡುಹಿಡಿದದ್ದೂ ಸಿಬ್ಬಂದಿಯ ಮಾಮೂಲಿ ಮೂತ್ರ ಪರೀಕ್ಷೆಯಿಂದ. ಯಂತ್ರ ಸರಿಯಿದ್ದರೂ ಮನುಷ್ಯ ಹೀಗೆ ಮಾಡಬಲ್ಲ ಅನ್ನುವುದೇ ಅಲ್ಲಿ ಕಂಡದ್ದು.

ಅದೇ ಕೈಗಾದ ಮೊದಲ ಘಟಕ 2018ರ ಡಿಸೆಂಬರ್ 31ಕ್ಕೆ 962 ದಿನ ಒಂದೇ ಸಮ ಓಡಿ ಆಗಿನ ವಿಶ್ವ ದಾಖಲೆ ಮಾಡಿತ್ತು. ನಾಲ್ಕು ಘಟಕ, ತಲಾ 220 ಮೆಗಾವಾಟ್. ಓಡುತ್ತಿರುವಾಗಲೇ ಇಂಧನದ ಕಟ್ಟು ಬದಲಿಸಬಹುದು, ಅದು ಈ ಬಗೆಯ ರಿಯಾಕ್ಟರಿನ ಅನುಕೂಲ. ಇದೂ ನಿಜ, ಅದೂ ನಿಜ.

ಇನ್ನು ಅಲ್ಲಿ ಬಾಂಬಿನಂತೆ ಸಿಡಿಯುವುದು ಸಾಧ್ಯವಿಲ್ಲ, ಇಂಧನವೇ ಅಂಥದ್ದಲ್ಲ. ರಿಯಾಕ್ಟರಿನ ನಿಜವಾದ ಕಂಟಕ ನಿಲ್ಲಿಸಿದ ಮೇಲಿನ ಬಿಸಿ. ಸರಣಿ ನಿಂತರೂ ಸೀಳಿದ ಹೋಳುಗಳು ಒಡೆಯುತ್ತಲೇ ಇರುತ್ತವೆ. ನಿಂತ ತಕ್ಷಣ ಮೊದಲಿನ ಶಾಖದ ನೂರಕ್ಕೆ ಆರೇಳು ಪಾಲು ಉಳಿದಿರುತ್ತದೆ. ಅದಕ್ಕೆ ನೀರು ಹರಿಯುತ್ತಲೇ ಇರಬೇಕು. ಫುಕುಶಿಮಾದಲ್ಲಿ 2011ರ ಮಾರ್ಚ್ 11ರಂದು ಭೂಕಂಪಕ್ಕೆ ರಿಯಾಕ್ಟರುಗಳು ಸರಿಯಾಗೇ ನಿಂತವು. ಆಮೇಲೆ ಸುನಾಮಿ ಬಂದು ಡೀಸೆಲ್ ಜನರೇಟರ್ ಮುಳುಗಿಸಿತು. ಪಂಪು ನಿಂತಿತು. ಇಂಧನ ಕರಗಿತು.

ಮಾರಿಕುಪ್ಪಂ ಮೊಮ್ಮಗ

ಕೆಜಿಎಫ್‌ನವನು. ನೀವೆಲ್ಲ ಕೈಗಾ ಅಂತೀರಿ, ನಮ್ಮ ಊರಿನ ಕಥೆ ಯಾರೂ ಎತ್ತಲಿಲ್ಲ. 2012ರ ನವೆಂಬರ್‌ನಲ್ಲಿ ಕೂಡಂಕುಳಂ ಕೇಸು ಸುಪ್ರೀಂ ಕೋರ್ಟಿನಲ್ಲಿ ನಡೀತಿತ್ತು. ಅಲ್ಲಿನ ತ್ಯಾಜ್ಯಕ್ಕೆ ಕೋಲಾರದ ಚಿನ್ನದ ಗಣಿ ಅಂತ ಸುದ್ದಿ ಬಂತು. ಊರಿಗೆ ಊರೇ ಬೀದಿಗೆ ಇಳಿಯಿತು. ಆಮೇಲೆ ಅಂಥ ಯೋಜನೆ ಇಲ್ಲ ಅಂತ ಹೇಳಿದರು. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಕೆಲಸ ಹೋಯಿತು, ಚಿನ್ನ ತೆಗೆದ ಮೇಲೆ ಸುರಿದ ಸಯನೈಡ್ ಮಣ್ಣಿನ ದಿಬ್ಬಗಳು ಉಳಿದವು, ಗಾಳಿಗಾಲ ಬಂದರೆ ಇವತ್ತಿಗೂ ಆ ಧೂಳು ತಿನ್ನುವವರು ನಾವು. ಅದರ ಮೇಲೆ ಇದೂ ಬೇಕಾ ಅನ್ನುವ ಸಿಟ್ಟು. ವಿಜ್ಞಾನ ಗೊತ್ತಿಲ್ಲದವರು ಅಂತ ನಮ್ಮನ್ನು ಬೈದವರೂ ಇದ್ದರು.

ಅಣುವಿಜ್ಞಾನ ನಮಗೆ ಹೊಸದಲ್ಲ ಸ್ವಾಮಿ. ನಮ್ಮ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಇಳಿಯುತ್ತಿದ್ದರು, ಮೂರು ಕಿಲೋಮೀಟರ್ ಮೀರಿದ ಆಳ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್ಆರ್) ವಿಜ್ಞಾನಿಗಳನ್ನು ಕೆಳಗೆ ಕರೆದುಕೊಂಡು ಹೋಗುತ್ತಿದ್ದ ಕಥೆ ನಮ್ಮ ಮನೆಯಲ್ಲಿ ಕೇಳಿ ಬೆಳೆದದ್ದು. "ಅಷ್ಟು ಕಷ್ಟಪಟ್ಟು ಇಳಿದು ಚಿನ್ನ ಬಿಟ್ಟು ಏನೂ ಕಾಣದ್ದನ್ನ ಹುಡುಕ್ತಾರೆ" ಅಂತ ನಗುತ್ತಿದ್ದರಂತೆ.

ತಪ್ಪಲಿನ ಮೇಷ್ಟ್ರು

ತಾತ ಹೇಳಿದ್ದು ಅಕ್ಷರಶಃ ಸರಿ. ಏನೂ ಕಾಣದ ಕಡೆಯೇ ಅವರಿಗೆ ಬೇಕಿತ್ತು. ಆಕಾಶದಿಂದ ವಿಶ್ವಕಿರಣ ಸುರಿಯುತ್ತಲೇ ಇರುತ್ತದೆ. ನೆಲದ ಮೇಲೆ ಉಪಕರಣ ಇಟ್ಟರೆ ಅದರ ಗದ್ದಲದಲ್ಲಿ ಬೇರೇನೂ ಕೇಳಿಸಲ್ಲ. ಎರಡು ಕಿಲೋಮೀಟರ್ ಬಂಡೆ ಮೇಲಿದ್ದರೆ ಆ ಮಳೆ ಬಹುತೇಕ ನಿಲ್ಲುತ್ತದೆ. ಎಷ್ಟೇ ಬಂಡೆಯಿದ್ದರೂ ಸಲೀಸಾಗಿ ದಾಟಿ ಬರುವುದು ನ್ಯೂಟ್ರಿನೋ ಅನ್ನುವ, ಯಾವುದಕ್ಕೂ ಸುಲಭವಾಗಿ ತಾಗದ ಸೂಕ್ಷ್ಮ ಕಣ ಮಾತ್ರ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಗುರುತನ್ನು ಕೆಜಿಎಫ್ ತಂಡ 1965ರಲ್ಲಿ ಹಿಡಿಯಿತು. ಅದರಲ್ಲಿ ಟಿಐಎಫ್ಆರ್ ಜೊತೆ ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಂ ವಿಶ್ವವಿದ್ಯಾಲಯದವರೂ ಇದ್ದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಇನ್ನೊಂದು ತಂಡವೂ ಹಿಡಿಯಿತು. ಎರಡೂ ಚಿನ್ನದ ಗಣಿ! 1980ರ ದಶಕದಲ್ಲಿ ಪ್ರೋಟಾನು ತಾನಾಗಿ ಒಡೆಯುತ್ತದೆಯೇ ಅಂತಲೂ ಅಲ್ಲೇ ಕಾದು ನೋಡಿದರು. ಕೆಲವು ಗುರುತು ಸಿಕ್ಕವು, ಬೇರೆ ದೇಶಗಳ ದೊಡ್ಡ ಉಪಕರಣಗಳಲ್ಲಿ ಅದು ಗಟ್ಟಿಯಾಗಲಿಲ್ಲ.

ತ್ಯಾಜ್ಯದ ಮಾತಿಗೆ ಬಂದರೆ, ಬಳಸಿದ ಇಂಧನದಲ್ಲಿ ಸೀಸಿಯಂ-137, ಸ್ಟ್ರಾನ್ಷಿಯಂ-90 ಇರುತ್ತವೆ, ಅರ್ಧಾಯುಷ್ಯ 30 ವರ್ಷದ ಆಸುಪಾಸು. ಇವು ಅಪಾಯಕಾರಿ ನಡುವಯಸ್ಸಿನವು. ಬೇಗ ಮುಗಿದು ಹೋಗುವಷ್ಟು ಚುರುಕಲ್ಲ, ಬಿಟ್ಟುಬಿಡುವಷ್ಟು ನಿಧಾನವೂ ಅಲ್ಲ. 300 ವರ್ಷ ಕಾದರೆ ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತವೆ. ಪ್ಲುಟೋನಿಯಂ-239 ಮಾತ್ರ 24,000 ವರ್ಷ. ನಮ್ಮಲ್ಲಿ ಬಳಸಿದ ಇಂಧನದಿಂದ ಪ್ಲುಟೋನಿಯಂ ಬೇರೆ ಮಾಡಿ, ಉಳಿದ ಕಟು ತ್ಯಾಜ್ಯವನ್ನು ಗಾಜಿನಲ್ಲಿ ಎರಕ ಹೊಯ್ಯುತ್ತಾರೆ. ಆ ಗಾಜನ್ನು ಕೊನೆಗೆ ಆಳದ ಬಂಡೆಯಲ್ಲಿ ಇಡಬೇಕು ಅನ್ನುವುದು ಬಹುತೇಕ ದೇಶಗಳ ಆಲೋಚನೆ. ಹಿಂದೆ ಕೆಜಿಎಫ್ ಆಳದಲ್ಲಿ ಬಂಡೆಗೆ ಶಾಖ ಕೊಟ್ಟು ಅದು ಹೇಗೆ ವರ್ತಿಸುತ್ತದೆ ಅಂತ ಪ್ರಯೋಗ ಮಾಡಿದ್ದುಂಟು. ಪ್ರಯೋಗ ಬೇರೆ, ತ್ಯಾಜ್ಯ ತಂದು ಹಾಕುವುದು ಬೇರೆ. ನೂರಾರು ಕಿಲೋಮೀಟರ್ ಸುರಂಗ ಕೊರೆದು, ಈಗ ನೀರು ತುಂಬಿರುವ ಗಣಿ ಅದಕ್ಕೆ ತಕ್ಕ ಜಾಗವಲ್ಲ ಅನ್ನುವುದು ನನ್ನ ಅಭಿಪ್ರಾಯ. ನೀರೇ ಎಲ್ಲವನ್ನೂ ಹೊತ್ತು ತರುವುದು, ಬಾಗೇಪಲ್ಲಿ ಬೋರಿನಲ್ಲಿ ನೋಡಿದೆವಲ್ಲ. ಆ ಜನರ ಸಿಟ್ಟಿನಲ್ಲಿ ವಿಜ್ಞಾನವೂ ಇತ್ತು.

ಉತ್ತರ ಪಿನಾಕಿನಿ

ನಾನು ಗೌರಿಬಿದನೂರಿನವಳು, ಹೈಸ್ಕೂಲ್ ಟೀಚರ್. ನಮ್ಮ ಊರನ್ನೂ ಸೇರಿಸಿ! ಇಲ್ಲಿ ಬಾರ್ಕ್‌ನ ಭೂಕಂಪ ಕೇಂದ್ರ ಇದೆ. 1965ರಲ್ಲಿ ಬ್ರಿಟನ್ನಿನ ಅಣುಶಕ್ತಿ ಸಂಸ್ಥೆ ಜೊತೆ ಸೇರಿ ಮಾಡಿದ್ದು. ಹೊಲಗಳ ನಡುವೆ ಎರಡು ಉದ್ದ ಸಾಲಿನಲ್ಲಿ ನೆಲದ ಕಂಪನ ಅಳೆಯುವ ಉಪಕರಣ ಹೂತಿದ್ದಾರೆ. ಎಷ್ಟೋ ಜನ ಮಳೆ ಅಳೆಯೋದು ಅಂದುಕೊಂಡಿದ್ದಾರೆ. ಬೇರೆ ದೇಶ ಗುಟ್ಟಾಗಿ ನೆಲದೊಳಗೆ ಅಣುಬಾಂಬ್ ಸಿಡಿಸಿದರೆ ಪತ್ತೆ ಮಾಡಲು ಇಟ್ಟದ್ದು. ಗಟ್ಟಿ ಬಂಡೆ, ಸಮುದ್ರ ದೂರ, ಅಲೆಗಳ ಗಲಾಟೆ ಇಲ್ಲ. ಅದಕ್ಕೇ ಈ ಜಾಗ.

ಭೂಕಂಪಕ್ಕೂ ಬಾಂಬಿಗೂ ವ್ಯತ್ಯಾಸ ಹೇಗೆ ಗೊತ್ತಾಗುತ್ತೆ ಅಂತ ಮಕ್ಕಳು ಕೇಳುತ್ತಾರೆ. ಭೂಕಂಪದಲ್ಲಿ ಬಂಡೆ ಜಾರುತ್ತದೆ. ಒಂದು ಕಡೆ ನೂಕಿದರೆ ಇನ್ನೊಂದು ಕಡೆ ಎಳೆಯುತ್ತದೆ. ಬಾಂಬು ಎಲ್ಲ ದಿಕ್ಕಿಗೂ ಹೊರಗೆ ನೂಕುತ್ತದೆ. ಮೊದಲ ಅಲೆ ಜೋರಾಗಿರುತ್ತದೆ, ಹಿಂದೆ ಬರುವ ಮೇಲ್ಮೈ ಅಲೆ ಸಪ್ಪೆ. ಇಷ್ಟರಿಂದಲೇ ಸಾವಿರಾರು ಕಿಲೋಮೀಟರ್ ದೂರದ್ದನ್ನು ಹಿಡಿಯುತ್ತಾರೆ.

ಮರೆತಿದ್ದೆ, ವಿಚಾರವಾದಿ, ಶಿಕ್ಷಣ ತಜ್ಞ ಎಚ್. ನರಸಿಂಹಯ್ಯನವರು ನಮ್ಮ ತಾಲ್ಲೂಕಿನ ಹೊಸೂರಿನವರು. ಅಮೆರಿಕದ ಓಹಿಯೋದಲ್ಲಿ ಡಾಕ್ಟರೇಟ್ ಮಾಡಿದ್ದು ಪರಮಾಣು ಬೀಜದ ಭೌತಶಾಸ್ತ್ರದಲ್ಲೇ.

ಎಕ್ಸ್‌ರೇ ರೂಮು

ಮೇಷ್ಟ್ರೇ, ರೇಡಾನ್ ಬಗ್ಗೆ ಹೇಳಲೇ ಇಲ್ಲವಲ್ಲ?

ತಪ್ಪಲಿನ ಮೇಷ್ಟ್ರು

ಹೌದು, ಅದು ಮುಖ್ಯ. ಯುರೇನಿಯಂ-238 ನೇರವಾಗಿ ತಣ್ಣಗಾಗಲ್ಲ. 14 ಹೆಜ್ಜೆ ಇಳಿದು ಕೊನೆಗೆ ಸೀಸ-206 ಆಗಿ ನಿಲ್ಲುತ್ತದೆ. ನಡುವೆ ರೇಡಿಯಂ ಬರುತ್ತದೆ, ಅದರ ಮುಂದಿನದು ರೇಡಾನ್ ಅನಿಲ. ಉಳಿದವು ಗಾಳಿಗೆ ಹಾರಲ್ಲ, ಇದೊಂದು ಅನಿಲವಾದ್ದರಿಂದ ಗಾಳಿಗೆ ಬರುತ್ತದೆ. 3.8 ದಿನದ ಅರ್ಧಾಯುಷ್ಯ. ಉಸಿರಿನ ಜೊತೆ ಹೋದರೆ ಅದು ಒಡೆದು ಹುಟ್ಟುವ ವಸ್ತುಗಳು ಶ್ವಾಸಕೋಶಕ್ಕೆ ಅಂಟಿಕೊಂಡು ಆಲ್ಫಾ ಹೊಡೆಯುತ್ತವೆ. ಅಲ್ಲಿ ತಡೆಯಲು ಸತ್ತ ಚರ್ಮ ಇಲ್ಲ. ನಾನು ಹೇಳಿದ 2.4ರಲ್ಲಿ ಅರ್ಧದಷ್ಟು ರೇಡಾನಿನದ್ದೇ. ಕಿಟಕಿ ತೆರೆದಿಟ್ಟರೆ ಹೊರಟುಹೋಗುತ್ತದೆ. ನಮ್ಮ ಹಳ್ಳಿ ಮನೆಗಳಲ್ಲಿ ಗಾಳಿ ಓಡಾಡುವುದರಿಂದ ಚಿಂತೆ ಕಡಿಮೆ. ಎಸಿ ಹಾಕಿ ಬೀಗ ಜಡಿದ ನೆಲಮಾಳಿಗೆಗಳೇ ಅದಕ್ಕೆ ಇಷ್ಟ.

ಬಾಗೇಪಲ್ಲಿ ಸೀಮೆ

ಅಮ್ಮನಿಗೆ ಓದಿ ಹೇಳಿದೆ. ಬೋರ್ ಮುಚ್ಚೋದು ಬೇಡ ಅಂತ ಒಪ್ಪಿದರು, ಕುಡಿಯೋಕೆ ಮಾತ್ರ ಬೇಡ ಅಂದರು. ಈಗ ಆರ್‌ಓ ಹಾಕಿಸಲಾ, ಘಟಕದಿಂದ ಕ್ಯಾನ್ ತರಲಾ? ಘಟಕದ ನೀರನ್ನು ನಂಬಬಹುದಾ?

ಫಿಲ್ಟರ್ ನೀರು

ನಂಬಬೇಡಿ ಅಣ್ಣ, ಪರೀಕ್ಷೆ ಮಾಡಿಸಿ. ನಾನೇ ಘಟಕ ನಡೆಸುವವನು ಹೇಳ್ತಿದ್ದೀನಿ. ಮೆಂಬ್ರೇನ್ ಹಳತಾದರೂ ನೀರು ರುಚಿಯಾಗೇ ಇರುತ್ತದೆ. ಟಿಡಿಎಸ್ ಮೀಟರ್ ಯುರೇನಿಯಂ ತೋರಿಸಲ್ಲ, ಒಟ್ಟು ಲವಣ ಮಾತ್ರ ತೋರಿಸುತ್ತೆ. ಆದರೂ ಒಳಗೆ ಹೋಗುವ ನೀರಿನದ್ದು 1,200 ಇದ್ದು ಹೊರಗೆ ಬರುವುದು 400 ಆಯಿತು ಅಂದರೆ ಮೆಂಬ್ರೇನ್ ಸೋತಿದೆ ಅಂತ ಅರ್ಥ, ಯುರೇನಿಯಂ ಕೂಡ ದಾಟುತ್ತಿರಬಹುದು.

ಮನೆಗೆ ಹಾಕಿಸಿದರೆ ವೇಸ್ಟ್ ನೀರಿನ ಪೈಪ್ ನೋಡಿಕೊಳ್ಳಿ. ತೆಗೆದ ಯುರೇನಿಯಂ, ಫ್ಲೋರೈಡ್ ಎಲ್ಲಾ ಅದರಲ್ಲೇ ಬರುತ್ತೆ. ಹಸುವಿನ ತೊಟ್ಟಿಗೆ ಬಿಡಬೇಡಿ, ಶೌಚಕ್ಕೆ ಬಳಸಿ. ಅದಕ್ಕಿಂತ ಅಗ್ಗದ ದಾರಿ ಮಾಳಿಗೆ ಮೇಲಿನ ಮಳೆ ನೀರು. ಅದು ಬಂಡೆ ಮುಟ್ಟಿಲ್ಲ, ಯುರೇನಿಯಂ ಬರಕ್ಕೆ ದಾರಿಯೇ ಇಲ್ಲ. ಮೊದಲ ಮಳೆ ಬಿಟ್ಟು ಸಂಪ್ ತೊಟ್ಟಿಗೆ ತುಂಬಿ, ಕುಡಿಯೋಕೆ ಕಾಯಿಸಿ. ಇದಕ್ಕೆ ಕಾಯಿಸುವುದು ಸರಿ, ಕಾಯಿಸುವುದು ಕ್ರಿಮಿಗೆ.

ಸ್ಯಾಂಪಲ್ ಕೊಡುವಾಗ ಪಂಪ್ ಸ್ವಲ್ಪ ಹೊತ್ತು ಓಡಿಸಿ, ಪೈಪಿನಲ್ಲಿ ನಿಂತ ನೀರು ಹೋದಮೇಲೆ ಹೊಸ ಬಾಟಲಿ ತುಂಬಿ. ಎರಡು ಬಾಟಲಿ ಕೊಡಿ, ಬೋರಿನದ್ದೊಂದು, ಆರ್‌ಓದು ಒಂದು. ಬೇಸಿಗೆ ಕೊನೆಗೆ ಒಮ್ಮೆ, ಮಳೆಗಾಲ ಆದಮೇಲೆ ಒಮ್ಮೆ. ಸಂಖ್ಯೆ ಬದಲಾಗುತ್ತೆ.